ತೊಟ್ಟಿಗೆ ಇಳಿಯಬಹುದು

ನನ್ನದು ಗಟ್ಟಿ ಗಂಟಲು. ಅಮ್ಮನಿಗೆ ಅದೊಂದು ನಾಚಿಕೆಯ ಸಂಗತಿಯಾಗಿತ್ತು. ಇವಳು ಅಡುಗೆಮನೆಯಲ್ಲಿ ಪಿಸುಗುಟ್ಟಿದರೂ ಬೀದಿ ಕೊನೆಯವರೆಗೆ ಕೇಳಿಸುತ್ತದೆ ಎಂದು ಬಂದವರ ಎದುರೆಲ್ಲ ಗೊಣಗುತ್ತಿದ್ದಳು. ಅಣ್ಣ ಮಾತ್ರ, "ಇರಲಿ ಬಿಡಮ್ಮ, ಮನೆ ಬಾಗಿಲಿಗೆ ಬೆಲ್ ಹಾಕಿಸೋದು ತಪ್ಪಿತು" ಎನ್ನುತ್ತಿದ್ದ. ಆ ಗಂಟಲೇ ಮುಂದೆ ನನಗೆ ಕಾರ್ಖಾನೆಯಲ್ಲಿ ಹೆಸರು ತಂದುಕೊಟ್ಟಿತು. ಆ ಗಂಟಲೇ ನನ್ನ ಅಣ್ಣನನ್ನು ಕೊಲ್ಲುವುದರಲ್ಲಿತ್ತು.

ನಮ್ಮ ಕಾರ್ಖಾನೆಯಲ್ಲಿ ಹಳೆಯ ಪೇಪರು, ಪೆಟ್ಟಿಗೆ, ಪುಸ್ತಕಗಳನ್ನು ಕರಗಿಸಿ ಹೊಸ ರಟ್ಟು ಮಾಡುತ್ತಾರೆ. ಕರಗಿಸುವ ಕೆಲಸ ತೊಟ್ಟಿಯದು. ತೊಟ್ಟಿ ಅಂದರೆ ಬಟ್ಟೆ ನೆನೆಹಾಕುವ ತೊಟ್ಟಿ ಅಂದುಕೊಳ್ಳಬೇಡಿ. ಎರಡಾಳು ಆಳದ ಉಕ್ಕಿನ ಪಾತ್ರೆ, ತಳದಲ್ಲಿ ಮಿಕ್ಸಿಯ ಜಾರಿನಲ್ಲಿರುವ ಹಾಗೆ ಅಲಗುಗಳು. ಬೆಲ್ಟಿನ ಮೇಲಿಂದ ಕಾಗದದ ಮೂಟೆಗಳು ಬಂದು ಬೀಳುತ್ತವೆ, ನೀರು ನುಗ್ಗುತ್ತದೆ, ಅಲಗು ತಿರುಗುತ್ತದೆ, ಸ್ವಲ್ಪ ಹೊತ್ತಿಗೆ ಎಲ್ಲವೂ ಬೂದು ಹಿಟ್ಟು. ಮೂಟೆಗೆ ಕಟ್ಟಿದ ತಂತಿ, ಪ್ಲಾಸ್ಟಿಕ್ ಹಗ್ಗ ಮಾತ್ರ ಕರಗುವುದಿಲ್ಲ. ಬಾಚಣಿಗೆಗೆ ಕೂದಲು ಸುತ್ತಿಕೊಳ್ಳುವಂತೆ ಅವು ಅಲಗಿಗೆ ಸುತ್ತಿಕೊಂಡು ಸಿಕ್ಕಾಗುತ್ತವೆ. ಸಿಕ್ಕು ದಪ್ಪವಾದಾಗ ತೊಟ್ಟಿಯನ್ನು ನಿಲ್ಲಿಸಿ, ಬರಿದು ಮಾಡಿ, ಒಬ್ಬ ಮನುಷ್ಯ ಏಣಿಯಲ್ಲಿ ತಳಕ್ಕೆ ಇಳಿದು ಅದನ್ನು ಕತ್ತರಿಸಿ ತೆಗೆಯಬೇಕು. ಆ ಮನುಷ್ಯ ನನ್ನ ಅಣ್ಣ. ಫಿಟ್ಟರ್.

ಅಲಗಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕೆಲಸ ಮಾಡುವವನಿಗೆ ಬೇಕಾದದ್ದು ಒಂದೇ ಒಂದು. ತಾನು ಒಳಗಿರುವಷ್ಟು ಹೊತ್ತು ಅದು ತಿರುಗುವುದಿಲ್ಲ ಎಂಬ ಖಾತ್ರಿ. ಮೊದಲೆಲ್ಲ ಅಣ್ಣನೇ ಕರೆಂಟು ಕೋಣೆಗೆ ಹೋಗಿ ದೊಡ್ಡ ಹಿಡಿಯನ್ನು ಕೆಳಗೆಳೆದು, ಅದಕ್ಕೆ ತನ್ನ ಸ್ವಂತ ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯುತ್ತಿದ್ದ. ಕೀಲಿ ಅವನ ಸೊಂಟದಲ್ಲಿರುವಾಗ ಸಾಕ್ಷಾತ್ ದೇವರೇ ಬಂದರೂ ತೊಟ್ಟಿಗೆ ಕರೆಂಟು ಕೊಡುವಂತಿರಲಿಲ್ಲ.

ಆಮೇಲೆ ಕಾರ್ಖಾನೆಗೆ ಬುದ್ಧಿ ಬಂತು. ತಮಾಷೆಯಲ್ಲ, ಗೇಟಿನ ಮೇಲೆ ಹಾಗೆಯೇ ಬರೆಸಿದರು, ಬುದ್ಧಿವಂತ ಕಾರ್ಖಾನೆ ಎಂದು. ಅಲ್ಲಿಯವರೆಗೆ ಅದು ಪೆದ್ದಾಗಿತ್ತು ಅಂತ ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಬೆಲ್ಟು, ಪಂಪು, ತೊಟ್ಟಿ, ಒಣಗಿಸುವ ಉರುಳೆ, ಎಲ್ಲವನ್ನೂ ಒಂದೇ ಜಾಲಕ್ಕೆ ಜೋಡಿಸಿದರು. ಕಂಟ್ರೋಲ್ ರೂಮಿನಲ್ಲಿ ಕೂತು ಆ ಪರದೆಗಳನ್ನು ನೋಡಿಕೊಳ್ಳುವ ಆಪರೇಟರು ನಾನೇ. ಅಣ್ಣನ ಬೀಗ ಹೋಗಿ ಕಾರ್ಡು ಬಂತು. ತೊಟ್ಟಿಯ ಅಂಚಿನಲ್ಲಿರುವ ಡಬ್ಬಿಗೆ ಕಾರ್ಡು ತೋರಿಸಿದರೆ ಕರೆಂಟು ತಾನೇ ಕಡಿಯುತ್ತದೆ, ಕಡಿಯಿತೋ ಇಲ್ಲವೋ ಎಂದು ಯಂತ್ರವೇ ಪರೀಕ್ಷಿಸುತ್ತದೆ, ಆಮೇಲೆ ಸ್ಪೀಕರಿನಲ್ಲಿ ಹೇಳುತ್ತದೆ. ಅದನ್ನು ಹೇಳಲು ಕಂಪನಿಯವರು ಯಂತ್ರದ ಜೊತೆಗೇ ಒಂದು ಹೆಣ್ಣುದನಿಯನ್ನೂ ಕೊಂಡು ತಂದಿದ್ದರು.

ಆ ಹೆಂಗಸು ಮೂಗು ಹಿಡಿದುಕೊಂಡು ವಾರ್ತೆ ಓದಿದ ಹಾಗೆ ಮಾತಾಡುತ್ತಿದ್ದಳು. ಅವಳು ಎಷ್ಟು ಹೇಳಿದರೂ ನಮ್ಮ ಜನ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ಅಂಚಿನಲ್ಲಿ ನಿಂತು ನನಗೆ ಫೋನು ಮಾಡುತ್ತಿದ್ದರು. "ಯಮ್ಮಾ, ನೀನು ಹೇಳು, ನಿಂತಿದೆಯಾ?" ನಾನು ಪರದೆ ನೋಡಿ, "ನಿಂತಿದೆ, ಇಳೀಬಹುದು ಅಣ್ಣ" ಅನ್ನುತ್ತಿದ್ದೆ. ಆಗ ಇಳಿಯುತ್ತಿದ್ದರು. ಇದರಿಂದ ತಡವಾಗುತ್ತದೆ ಎಂದು ಮ್ಯಾನೇಜರಿಗೆ ತಲೆಬಿಸಿ. ಅವರು ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಹಿಡಿದರು. ಹೇಗಿದ್ದರೂ ಇವಳ ದನಿಯನ್ನೇ ನಂಬುತ್ತಾರಲ್ಲ, ಯಂತ್ರಕ್ಕೆ ಇವಳ ದನಿಯನ್ನೇ ಹಾಕಿಬಿಡೋಣ.

ಸ್ಟೋರ್ ರೂಮಿನ ಗೋಡೆಗಳಿಗೆ ಕಂಬಳಿ ನೇತುಹಾಕಿ ನನ್ನನ್ನು ನಿಲ್ಲಿಸಿದರು. ರೆಕಾರ್ಡ್ ಮಾಡುವವನು, "ಯಾರೋ ನಿಮ್ಮವರಿಗೇ ಹೇಳ್ತಿರೋ ಹಾಗೆ ಹೇಳಿ" ಎಂದ. ನಾನು ಅಣ್ಣನ ಮುಖ ನೆನೆಸಿಕೊಂಡು ಹೇಳಿದೆ. "ತೊಟ್ಟಿ ನಿಂತಿದೆ. ಕರೆಂಟು ಕಡಿದಿದೆ. ಇಳಿಯಬಹುದು ಅಣ್ಣ." ಅಂಥವೇ ಇನ್ನಷ್ಟು ಸಾಲುಗಳಿದ್ದವು, ಬೆಲ್ಟಿನದು, ಪಂಪಿನದು, ಕೆಲಸ ಮುಗಿದ ಮೇಲಿನದು. ಕಾರ್ಖಾನೆಯ ಚಾವಣಿಯಿಂದ ಮೊದಲ ಸಲ ನನ್ನ ದನಿ ಬಿದ್ದಾಗ ಎಲ್ಲರೂ ಕೆಲಸ ನಿಲ್ಲಿಸಿ ಚಪ್ಪಾಳೆ ಹೊಡೆದರು. ಅವತ್ತಿನಿಂದ ನನ್ನ ಹೆಸರು ಅಶರೀರವಾಣಿ. ಸುಳ್ಳು ಯಾಕೆ ಹೇಳಲಿ, ನನಗೂ ಖುಷಿಯಾಗಿತ್ತು.

ಮೊದಲ ಸಲ ಅದು ತಪ್ಪಿದ್ದು ಊಟದ ಹೊತ್ತಿನಲ್ಲಿ. ಕ್ಯಾಂಟೀನಿನಲ್ಲಿ ಎಲ್ಲರೂ ಕೂತಿದ್ದೆವು. ತೊಟ್ಟಿ ಆ ಕಡೆ ಗುಡುಗುಡು ತಿರುಗುತ್ತಿತ್ತು, ಮೇಜಿನ ಮೇಲಿನ ಲೋಟಗಳು ಅದುರುತ್ತಿದ್ದವು. ಅಷ್ಟರಲ್ಲಿ ಚಾವಣಿಯಿಂದ ನಾನು ಹೇಳಿದೆ, "ತೊಟ್ಟಿ ನಿಂತಿದೆ. ಕರೆಂಟು ಕಡಿದಿದೆ."

ಎಲ್ಲರೂ ಬಿದ್ದುಬಿದ್ದು ನಕ್ಕರು. ಅಣ್ಣ ಬಾಯಲ್ಲಿ ತುತ್ತಿಟ್ಟುಕೊಂಡೇ, "ಉಣ್ಣೋವಾಗಲೂ ನಿನ್ನ ಬಾಯಿ ಸುಮ್ಮನಿರಲ್ಲ ನೋಡು" ಎಂದ. ನಾನೂ ನಕ್ಕೆ. ಆದರೆ ಲೋಟಗಳು ಅದುರುವುದನ್ನು ನೋಡುತ್ತ ನೋಡುತ್ತ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಯಂತ್ರ ನಿಂತಿಲ್ಲ, ನಿಂತಿದೆ ಎಂದು ನಾನು ಹೇಳಿದ್ದೇನೆ, ಕೇಳಿದವರು ನಗುತ್ತಿದ್ದಾರೆ. ಇದರಲ್ಲಿ ನಗುವಂಥದ್ದು ಏನಿದೆ ಅಂತ ನನಗೆ ಅರ್ಥವಾಗಲಿಲ್ಲ.

ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನಿಗೆ ನಾವು ಅಪ್‌ಡೇಟಪ್ಪ ಎಂದು ಹೆಸರಿಟ್ಟಿದ್ದೆವು. ಯಾವ ದೂರು ತೆಗೆದುಕೊಂಡು ಹೋದರೂ ಅವನ ಬಾಯಲ್ಲಿ ಬರುತ್ತಿದ್ದುದು ಅದೊಂದೇ ಮಾತು. ಅವನಿಗೆ ಹೇಳಿದೆ. "ಹೊಸ ಅಪ್‌ಡೇಟ್ ಬಂದಿದೆಯಲ್ಲ, ಎರಡು ದಿನ ಹೀಗೇ ಇರುತ್ತೆ, ಸರಿಹೋಗುತ್ತೆ ಮೇಡಂ" ಎಂದು ತನ್ನ ಪರದೆಯತ್ತ ತಿರುಗಿದ.

ಸರಿಹೋಗಲಿಲ್ಲ. ಒಂದು ಮಧ್ಯಾಹ್ನ ನಾನು ಕೈ ತೊಳೆಯಲು ಹಿಂದಿನ ಓಣಿಯಲ್ಲಿ ಒಬ್ಬಳೇ ಹೋಗುತ್ತಿದ್ದೆ. ಸಿಮೆಂಟಿನ ಉದ್ದ ಓಣಿ, ಒಂದು ಕಡೆ ಪೈಪುಗಳು, ತಲೆಯ ಮೇಲೆ ಸಣ್ಣ ಸ್ಪೀಕರು. ನಾನು ಅದರ ಕೆಳಗೆ ಬಂದಾಗ ಅದು ಮೆತ್ತಗೆ, "ಅಣ್ಣ" ಎಂದಿತು.

ಅಷ್ಟೇ. ಹಿಂದೆ ಇಲ್ಲ, ಮುಂದೆ ಇಲ್ಲ. ಸ್ವಲ್ಪ ಬಿಟ್ಟು ಇನ್ನೊಮ್ಮೆ, "ಅಣ್ಣ."

ಆ ಕಂಬಳಿಯ ಕೋಣೆಯಲ್ಲಿ ನಾನು ಸಾಲುಸಾಲಾಗಿ ಓದಿದ್ದೆ. ಬರೀ 'ಅಣ್ಣ' ಎಂದು ನಾನು ಎಲ್ಲೂ ಹೇಳಿರಲಿಲ್ಲ. ಅಪ್‌ಡೇಟು ಪದಗಳನ್ನು ಕತ್ತರಿಸುವುದಿಲ್ಲ. ಯಾರೋ ಎಲ್ಲಿಯೋ ಕೂತು, ನನ್ನ ಸಾಲನ್ನು ಮತ್ತೆ ಮತ್ತೆ ಕೇಳಿ, ಅದರಿಂದ ಆ ಒಂದು ಪದವನ್ನು ಬಿಡಿಸಿ ತೆಗೆದು, ಕೆಲಸ ಮಾಡುತ್ತದೆಯೇ ಎಂದು ಪರೀಕ್ಷೆ ಮಾಡಿ ನೋಡುತ್ತಿದ್ದರು. ನಾನು ಕೈ ತೊಳೆಯದೆ ವಾಪಸ್ಸು ಓಡಿಬಂದೆ. ನನ್ನ ದನಿಗೆ ನಾನೇ ಹೆದರಿ ಓಡುತ್ತಿದ್ದೇನೆ ಎಂದು ನಾಚಿಕೆಯಾಯಿತು, ಆದರೂ ಕಾಲು ನಿಲ್ಲಲಿಲ್ಲ.

ಮ್ಯಾನೇಜರ ಕೋಣೆಗೆ ನೇರ ನುಗ್ಗಿದೆ. ಸ್ಪೀಕರು ಬಂದ್ ಮಾಡಿಸಿ, ಇಲ್ಲದಿದ್ದರೆ ತೊಟ್ಟಿಗೆ ಯಾರನ್ನೂ ಇಳಿಸಬೇಡಿ ಎಂದೆ. ಮೇಜು ಕುಟ್ಟಿಯೇ ಹೇಳಿದೆ. ಅವರು ನೀರು ಕುಡಿಸಿ, ಕೂರಿಸಿ, "ಏನಮ್ಮ ನೀನು, ದೆವ್ವ ಕಂಡವರ ಹಾಗೆ ಆಡ್ತೀಯ. ನಿನ್ನ ದನಿ, ನಿನ್ನದೇ ಕಂಟ್ರೋಲ್ ರೂಮು. ಸ್ಪೀಕರ್ ನಿಲ್ಲಿಸಿದರೆ ಇಡೀ ಕಾರ್ಖಾನೆ ನಿಲ್ಲಿಸಬೇಕು, ಆಗುತ್ತಾ?" ಎಂದು ಸಮಾಧಾನ ಮಾಡಿ ಕಳಿಸಿದರು. ನನಗೆ ಅಳುವೂ ಬಂತು, ಅವರ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಗೋಡೆಗೆಸೆಯುವಷ್ಟು ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ಬಂದೆ.

ಮನೆಯಲ್ಲಿ ಅಣ್ಣನಿಗೆ ಹೇಳಿದೆ. ನಾವು ಒಂದೇ ಮನೆಯಲ್ಲಿರುವುದು. ಕೆಳಗೆ ಅಣ್ಣ ಅತ್ತಿಗೆ, ಮೇಲೆ ಒಂದು ಕೋಣೆಯಲ್ಲಿ ನಾನು, ಊಟ ಎಲ್ಲರದೂ ಒಟ್ಟಿಗೆ. ಅತ್ತಿಗೆ ತಟ್ಟೆ ಕೆಳಗಿಟ್ಟು, "ಆ ಹಾಳು ತೊಟ್ಟಿಗೆ ನೀವು ಇಳಿಯೋದೇ ಬೇಡ" ಎಂದಳು.

ಅಣ್ಣ ನಕ್ಕುಬಿಟ್ಟ. "ಹುಟ್ಟಿದಾಗಿಂದ ಇವಳ ಕಿರುಚಾಟ ಕೇಳಿದೀನಿ ಕಣೇ. ಇವಳದು ಯಾವುದು, ಯಂತ್ರದ್ದು ಯಾವುದು ಅಂತ ನನಗೆ ಗೊತ್ತಾಗಲ್ವಾ?"

"ಎರಡೂ ನನ್ನದೇ ಅಣ್ಣ," ಅಂದೆ. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲಿನ ದಿನಗಳಲ್ಲಿ ಅವನು ಇಳಿಯುವಾಗಲೆಲ್ಲ ನಾನು ಕುರ್ಚಿಯಿಂದ ಎದ್ದು ಕಿಟಕಿಗೆ ಅಂಟಿಕೊಂಡು ನಿಲ್ಲುತ್ತಿದ್ದೆ. ಕಂಟ್ರೋಲ್ ರೂಮು ಅಟ್ಟದ ಮೇಲೆ ಇದೆ. ದಪ್ಪ ಗಾಜಿನ ಆಚೆ ತೊಟ್ಟಿಯ ಅಂಚು, ಏಣಿಯ ತುದಿ, ಕಾರ್ಡಿನ ಡಬ್ಬಿ ಎಲ್ಲ ಕಾಣುತ್ತದೆ. ಸದ್ದು ಮಾತ್ರ ಒಳಗೆ ಬರುವುದಿಲ್ಲ, ಒಳಗಿನದು ಹೊರಗೆ ಹೋಗುವುದಿಲ್ಲ. ಅವನು ಕಾರ್ಡು ತೋರಿಸುವುದು, ಪರದೆಯಲ್ಲಿ ಅದು ದಾಖಲಾಗುವುದು, ಆಮೇಲೆ ನನ್ನ ಮೇಜಿನ ಸ್ಪೀಕರಿನಲ್ಲಿ ನನ್ನ ದನಿ ಬರುವುದು, ಮೂರೂ ಆದ ಮೇಲೆ ಉಸಿರು ಬಿಡುತ್ತಿದ್ದೆ. ಅವನು ಮೇಲೆ ಬಂದು ಕೈ ಬೀಸುವವರೆಗೆ ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ.

ಅವತ್ತು ಬೆಳಗಿನ ಶಿಫ್ಟು. ಬಿಸಿಲು ಚಾವಣಿಯ ಗಾಜಿನಿಂದ ಇಳಿದು ನೆಲದ ಮೇಲೆಲ್ಲ ಹರಡಿತ್ತು. ಸಿಕ್ಕು ದಪ್ಪವಾಗಿ ತೊಟ್ಟಿ ಏದುಸಿರು ಬಿಡುತ್ತಿತ್ತು, ನಾನೇ ನಿಲ್ಲಿಸಿ ಬರಿದು ಮಾಡಿದೆ. ಅಣ್ಣ ತಂತಿ ಕತ್ತರಿಸುವ ದೊಡ್ಡ ಕತ್ತರಿ ಹೆಗಲಿಗೇರಿಸಿಕೊಂಡು ತೊಟ್ಟಿಯ ಅಂಚಿಗೆ ಮೆಟ್ಟಿಲು ಹತ್ತಿ ಬಂದ. ಜೊತೆಗೆ ಅವನ ಜೋಡಿ, ನಾವು ಉದ್ದಣ್ಣ ಎಂದು ಕರೆಯುವ ಇನ್ನೊಬ್ಬ ಫಿಟ್ಟರ್. ಒಬ್ಬ ಇಳಿದರೆ ಇನ್ನೊಬ್ಬ ಅಂಚಿನಲ್ಲಿ ಕಾಯಬೇಕು, ಅದು ನಿಯಮ. ಇಬ್ಬರ ಕಿವಿಗೂ ದಪ್ಪ ಹೆಡ್‌ಫೋನು. ಸುತ್ತಲಿನ ಗದ್ದಲ ಒಳಗೆ ಬಿಡದೆ, ಸ್ಪೀಕರಿನ ಮಾತನ್ನು ಮಾತ್ರ ನೇರ ಕಿವಿಗೆ ಹಾಕುವ ಹೆಡ್‌ಫೋನು. ಅದೂ ಬುದ್ಧಿವಂತಿಕೆಯ ಜೊತೆಗೇ ಬಂದದ್ದು.

ಅಣ್ಣ ಅಂಗಿಯ ಜೇಬಿನಲ್ಲಿ ಕಾರ್ಡು ತಡಕುತ್ತಿದ್ದ. ಎದೆಯ ಜೇಬು ನೋಡಿದ, ಪ್ಯಾಂಟಿನ ಜೇಬು ನೋಡಿದ. ಕಾರ್ಡು ಇನ್ನೂ ಹೊರಗೆ ಬಂದಿರಲಿಲ್ಲ.

"ತೊಟ್ಟಿ ನಿಂತಿದೆ. ಕರೆಂಟು ಕಡಿದಿದೆ. ಇಳಿಯಬಹುದು ಅಣ್ಣ."

ನನ್ನ ಮೇಜಿನ ಸ್ಪೀಕರಿನಲ್ಲೂ ಅದು ಕೇಳಿಸಿತು. ಪರದೆ ನೋಡಿದೆ. ಕಾರ್ಡಿನ ಜಾಗ ಖಾಲಿ. ಅದರ ಕೆಳಗೆ ಮಾತ್ರ ಹಸಿರು ಅಕ್ಷರದಲ್ಲಿ, ಕರೆಂಟು ಕಡಿದಿದೆ ಎಂದು ಬರೆದಿತ್ತು. ಕಿಟಕಿಯಾಚೆ ಅಣ್ಣ ಜೇಬಿನಿಂದ ಕೈ ತೆಗೆದು ಉದ್ದಣ್ಣನ ಕಡೆ ನೋಡಿ ತಲೆ ಆಡಿಸಿದ. ಕಾರ್ಡನ್ನು ಉದ್ದಣ್ಣನೇ ತೋರಿಸಿದ್ದಾನೆ ಎಂದು ಅವನು ತಿಳಿದ. ಅಣ್ಣ ತೋರಿಸಿದ್ದಾನೆ ಎಂದು ಉದ್ದಣ್ಣ ತಿಳಿದ. ಅಷ್ಟು ನಂಬಿಕೆಯ ದನಿ ಹೇಳಿದ ಮೇಲೆ ಯಾರು ಯಾರನ್ನು ಕೇಳುತ್ತಾರೆ?

ನಾನು ಮೈಕಿನ ಗುಂಡಿ ಒತ್ತಿ ಕಿರುಚಿದೆ. "ಅಣ್ಣ, ಇಳೀಬೇಡ! ಅದು ನಾನಲ್ಲ!"

ಮೈಕು ಸತ್ತಿತ್ತು. ನನ್ನ ಕಿರುಚಾಟ ಆ ಕೋಣೆಯ ನಾಲ್ಕು ಗೋಡೆಗಳಿಗೆ ಬಡಿದು ನನ್ನ ಕಿವಿಗೇ ವಾಪಸ್ಸು ಬಂತು. ಹೊರಗೆ ಇನ್ನೊಂದು ನಾನು ಸಾವಕಾಶವಾಗಿ, ಅಕ್ಕರೆಯಿಂದ ಹೇಳುತ್ತಿದ್ದೆ, "ಇಳಿಯಬಹುದು ಅಣ್ಣ. ಇಳಿಯಬಹುದು ಅಣ್ಣ."

ಎರಡೂ ಕೈಯಿಂದ ಗಾಜು ಬಡಿದೆ. ಅಣ್ಣ ತಲೆಯೆತ್ತಿ ನೋಡಿದ. ನೋಡಿ ನಕ್ಕ. ಕಿವಿಯ ಹತ್ತಿರ ಕೈ ತಂದು, ಕೇಳಿಸಿತು ಮಾರಾಯ್ತಿ, ಎಷ್ಟು ಸಲ ಹೇಳ್ತೀಯ ಎಂಬಂತೆ ಆಡಿಸಿ, ಏಣಿಗೆ ಕಾಲಿಟ್ಟು ಕೆಳಗೆ ಮರೆಯಾದ.

ಎಲ್ಲ ಯಂತ್ರಗಳನ್ನೂ ನಿಲ್ಲಿಸುವ, ಮೇಜಿನ ಮೇಲಿನ ಕೆಂಪು ಗುಂಡಿಯನ್ನು ಒತ್ತಿದೆ. ಪರದೆ ತಕ್ಷಣ, ಎಲ್ಲ ನಿಂತಿದೆ ಎಂದು ತೋರಿಸಿತು. ಅದೇ ಪರದೆ. ಅದರ ಮಾತನ್ನು ನಂಬಿ ಕೂತರೆ ನಾನು ಅಣ್ಣನನ್ನು ಕಳೆದುಕೊಳ್ಳುತ್ತೇನೆ ಎಂದು ಗೊತ್ತಾಯಿತು. ಬಾಗಿಲು ದೂಡಿಕೊಂಡು ಓಡಿದೆ.

ಕಬ್ಬಿಣದ ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ನೆನಪಿಲ್ಲ. ಕೊನೆಯ ಮೆಟ್ಟಿಲಲ್ಲಿ ಜಾರಿ ಮೊಣಕಾಲಿನ ಚರ್ಮ ಕಿತ್ತುಹೋಯಿತು. ಉದ್ದಕ್ಕೂ ತಲೆಯ ಮೇಲೆ ಒಂದೊಂದು ಸ್ಪೀಕರಿನಲ್ಲೂ ನಾನಿದ್ದೆ. ಒಂದರಿಂದ ತಪ್ಪಿಸಿಕೊಂಡು ಮುಂದೆ ಓಡಿದರೆ ಇನ್ನೊಂದು ನಾನು ಅಲ್ಲಿ ಕಾದಿದ್ದು ಹೇಳುತ್ತಿದ್ದೆ. ಇಳಿಯಬಹುದು ಅಣ್ಣ. ಆ ದನಿಯಲ್ಲಿ ಆತುರವಿಲ್ಲ, ಹೆದರಿಕೆಯಿಲ್ಲ, ಏದುಸಿರಿಲ್ಲ. ನನಗಿಂತ ಅದೇ ಹೆಚ್ಚು ನಂಬುವಂತಿತ್ತು.

ಉದ್ದಣ್ಣ ಅಂಚಿನಲ್ಲಿ ಕಂಬಿಗೆ ಒರಗಿ ನಿಂತಿದ್ದ. ಅವನ ಎದುರು ಹೋಗಿ ನಿಂತು, "ಕರೆಂಟಿದೆ, ಅಣ್ಣನ್ನ ಮೇಲೆ ಕರಿ!" ಎಂದು ಕೂಗಿದೆ. ಅವನ ಮುಖ ಇದ್ದಕ್ಕಿದ್ದಂತೆ ಬೂದಿಯಾಯಿತು. ನನ್ನನ್ನು ನೋಡುತ್ತ ಒಂದು ಹೆಜ್ಜೆ ಹಿಂದೆ ಇಟ್ಟ. ಆಮೇಲೆ ಇನ್ನೊಂದು. ನನಗೆ ಮೊದಲು ತಿಳಿಯಲಿಲ್ಲ. ಅವನ ಕಣ್ಣೆದುರು ನನ್ನ ಬಾಯಿ ಹರಿಯುವ ಹಾಗೆ ತೆರೆದುಕೊಂಡಿದೆ, ಕತ್ತಿನ ನರ ಉಬ್ಬಿವೆ, ಆದರೆ ಅವನ ಕಿವಿಯೊಳಗೆ ನಾನು ಮೃದುವಾಗಿ ಇಳಿಯಬಹುದು ಎನ್ನುತ್ತಿದ್ದೇನೆ. ಅವನು ನನಗೇ ಹೆದರಿದ್ದ.

ಮೇಲೆ ಬಿದ್ದು ಅವನ ಹೆಡ್‌ಫೋನು ಕಿತ್ತೆಸೆದೆ. "ಆ ಮಾತು ಕೇಳಬೇಡ, ನನ್ನ ಮುಖ ನೋಡು! ಕಾರ್ಡು ನೀನು ತೋರಿಸಿದ್ಯಾ?"

"ಇಲ್ಲಮ್ಮ, ಅವನು..."

"ಅವನೂ ತೋರಿಸಿಲ್ಲ!"

ಉದ್ದಣ್ಣ ಕರೆಂಟು ಕೋಣೆಯ ಕಡೆ ಓಡಿದ. ಆ ಹಳೆಯ ಹಿಡಿ ಇನ್ನೂ ಅಲ್ಲೇ ಇತ್ತು, ಯಾರೂ ಮುಟ್ಟದ ಹಾಗೆ ಗಾಜಿನ ಬಾಗಿಲ ಹಿಂದೆ ಇಟ್ಟಿದ್ದರು. ಅದು ಕಾರ್ಖಾನೆಯ ಆ ತುದಿಯಲ್ಲಿದೆ. ಅವನು ಎಷ್ಟು ಉದ್ದದ ಕಾಲಲ್ಲಿ ಓಡಿದರೂ ಅದು ದೂರವೇ.

ನಾನು ಅಂಚಿನಿಂದ ಬಗ್ಗಿ ನೋಡಿದೆ. ತಳದಲ್ಲಿ ಅಣ್ಣ ನನಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ಕಾಲು ಎರಡು ಅಲಗುಗಳ ನಡುವೆ ಊರಿ, ಸಿಕ್ಕನ್ನು ಎಡಗೈಯಲ್ಲಿ ಹಿಡಿದು ಕತ್ತರಿಸುತ್ತಿದ್ದ. ಏನೋ ಗುನುಗುತ್ತಲೂ ಇದ್ದಿರಬೇಕು, ತಲೆ ತೂಗುತ್ತಿತ್ತು. ಕೂಗಿದೆ, ಕೂಗಿದೆ. ಬೀದಿ ಕೊನೆಯವರೆಗೆ ಕೇಳಿಸುವ ನನ್ನ ಗಂಟಲು ಎರಡಾಳು ದೂರದ ನನ್ನ ಅಣ್ಣನಿಗೆ ಕೇಳಿಸಲಿಲ್ಲ. ತಲೆಯ ಮೇಲಿದ್ದ ಹೆಲ್ಮೆಟ್ ತೆಗೆದು ಅವನ ಬೆನ್ನಿಗೆ ಗುರಿಯಿಟ್ಟು ಎಸೆದೆ.

ಅವನು ಬೆಚ್ಚಿ ತಿರುಗಿದ. ನನ್ನನ್ನು ಕಂಡು ಸಿಟ್ಟಿನಿಂದ ಒಂದು ಕಿವಿಯ ಹೆಡ್‌ಫೋನು ಸರಿಸಿದ.

"ಮೇಲೆ ಬಾ ಅಣ್ಣ! ಈಗಲೇ ಬಾ!"

ಅವನು ಅಲುಗಾಡಲಿಲ್ಲ. ಮುಖದಲ್ಲಿ ಗೊಂದಲ. ಒಂದು ಕಿವಿಯಲ್ಲಿ ಬಾ ಎನ್ನುವ ನಾನು, ಇನ್ನೊಂದು ಕಿವಿಯಲ್ಲಿ ಎಲ್ಲ ಸರಿಯಾಗಿದೆ ಎನ್ನುವ ನಾನು. "ಏನೇ ಇದು," ಎಂದ, "ಇಳಿ ಅಂತೀಯ, ಬಾ ಅಂತೀಯ! ಯಾವುದನ್ನ ಕೇಳಲಿ?"

ಅವನು ಹಾಗೆ ಕೇಳುತ್ತಿರುವಾಗಲೇ ಅಲಗು ಮಿಸುಕಿತು. ಜೋರಾಗಿ ಅಲ್ಲ. ಮಲಗಿದ್ದ ಪ್ರಾಣಿ ಮಗ್ಗುಲು ಬದಲಿಸಿದ ಹಾಗೆ ಅಂಗೈ ಅಗಲ ಸರಿದು ನಿಂತಿತು. ಅಣ್ಣ ಬಗ್ಗಿ ತನ್ನ ಕಾಲಿನ ಕಡೆ ನೋಡಿದ. ಆಮೇಲೆ ನನ್ನನ್ನು ನೋಡಿದ. ನನ್ನ ಅಣ್ಣನ ಮುಖದಲ್ಲಿ ಅಂಥ ಭಯವನ್ನು ನಾನು ಅದುವರೆಗೆ ಕಂಡಿರಲಿಲ್ಲ, ಇನ್ನು ಮುಂದೆ ಕಾಣುವುದೂ ಬೇಡ. ಕತ್ತರಿ ಬಿಸಾಕಿ ಏಣಿಗೆ ಹಾರಿದ. ನಾನು ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದೆ. ಅವನ ಮಣಿಕಟ್ಟು ನನ್ನ ಕೈಗೆ ಸಿಕ್ಕಿದಾಗ ಕೆಳಗೆ ಅಲಗು ತಿರುಗಲು ಶುರುವಾಗಿತ್ತು. ಕತ್ತರಿ ಅದಕ್ಕೆ ಸಿಕ್ಕಿ ಕರಕರ ಎಂದು ನುರಿಯಿತು. ನಾನು ಎಳೆದೆ. ಅವನು ಅಂಚು ದಾಟಿ ನನ್ನ ಮೇಲೆ ಬಿದ್ದ. ಇಬ್ಬರೂ ಉರುಳಿ ಕಂಬಿಗೆ ಬಡಿದೆವು.

ಆಮೇಲೆ ದೊಡ್ಡದೊಂದು ಸದ್ದಾಗಿ ದೀಪಗಳೆಲ್ಲ ಆರಿದವು. ಉದ್ದಣ್ಣ ಗಾಜು ಒಡೆದು ಹಿಡಿ ಎಳೆದಿದ್ದ. ಅಲಗು ಕುಂಟುತ್ತ ಕುಂಟುತ್ತ ನಿಂತಿತು. ಇಡೀ ಕಾರ್ಖಾನೆ ಮೌನವಾಯಿತು. ಆ ಮೌನದಲ್ಲಿ, ಬ್ಯಾಟರಿಯ ಬಲದಿಂದ ಇನ್ನೂ ಉಸಿರು ಹಿಡಿದಿದ್ದ ಸ್ಪೀಕರಿನಿಂದ ನಾನು ಮಾತಾಡಿದೆ.

"ಕೆಲಸ ಮುಗಿಯಿತೇ? ಸಾವಕಾಶವಾಗಿ ಮೇಲೆ ಬನ್ನಿ ಅಣ್ಣ."

ಅಣ್ಣ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಅವನು ನನ್ನ ಕೈಯನ್ನು ಕೊಡವಿಬಿಟ್ಟ.

ಮರುದಿನ ಹೊರಗಿನಿಂದ ತಜ್ಞರು ಬಂದರು. ವಾರಗಟ್ಟಲೆ ಕಂಪ್ಯೂಟರುಗಳನ್ನು ಬಿಚ್ಚಿ ನೋಡಿದರು. ತೊಟ್ಟಿ ಮಾರಿದ ಕಂಪನಿಯವರು ತಮ್ಮ ಊರಿನಿಂದಲೇ ರಿಪೇರಿ ಮಾಡಲೆಂದು ನಮ್ಮ ಜಾಲಕ್ಕೆ ಒಂದು ಹಿಂಬಾಗಿಲು ಇಟ್ಟುಕೊಂಡಿದ್ದರಂತೆ. ಕೆಲಸವಾದ ಮೇಲೆ ಅದನ್ನು ಮುಚ್ಚಬೇಕು. ಪ್ರತಿ ಸಲ ತೆರೆಯಲು ಅನುಮತಿ ಕೇಳುತ್ತಾರೆ, ತಲೆನೋವು ಎಂದು ಮ್ಯಾನೇಜರು ತೆರೆದೇ ಇಡಿ ಎಂದಿದ್ದರಂತೆ. ಆ ಬಾಗಿಲಿನಿಂದ ಯಾರೋ ಒಳಗೆ ಬಂದು ತಿಂಗಳುಗಟ್ಟಲೆ ಸುಮ್ಮನೆ ಕೂತು ನಮ್ಮನ್ನು ನೋಡಿದ್ದಾರೆ, ಕೇಳಿದ್ದಾರೆ. ಯಾರು, ಯಾಕೆ, ಎಲ್ಲಿಂದ ಎನ್ನುವುದು ಇವತ್ತಿಗೂ ಗೊತ್ತಿಲ್ಲ. ಅಪ್‌ಡೇಟಪ್ಪ ತಲೆ ತಗ್ಗಿಸಿ, "ಅವರಿಗೆ ಅದು ಬರೀ ಒಂದು ಸ್ವಿಚ್ಚು ಮೇಡಂ. ಅಲ್ಲಿ ಮನುಷ್ಯ ಇದ್ದಾನೆ ಅಂತ ಗೊತ್ತಿರಲಿಕ್ಕಿಲ್ಲ" ಎಂದ. ಅವನು ನನ್ನನ್ನು ಸಮಾಧಾನ ಮಾಡಲು ಹೇಳಿದ್ದು, ಪಾಪ. ಆದರೆ 'ಅಣ್ಣ' ಎನ್ನುವ ಪದವನ್ನು ಬಿಡಿಸಿ ತೆಗೆದವನಿಗೆ ಅಲ್ಲೊಬ್ಬ ಅಣ್ಣ ಇರುತ್ತಾನೆ ಎಂದು ತಿಳಿಯದೇ ಹೋಯಿತೇ? ನನಗೆ ನಂಬಿಕೆಯಿಲ್ಲ.

ಕಾರ್ಖಾನೆಯ ಯಂತ್ರಗಳಿಂದ ನನ್ನ ದನಿಯನ್ನು ಅಳಿಸಿದರು. ಬೀಗಗಳು ವಾಪಸ್ಸು ಬಂದವು. ಒಳಗೆ ಬಂದವರು ನಕಲು ತೆಗೆದುಕೊಂಡು ಹೋಗಿದ್ದರೆ ಎಂದು ನಾನು ಕೇಳಿದೆ. ತಜ್ಞರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದದ್ದನ್ನು ತರಲು ಆಗುವುದಿಲ್ಲ ಎಂದರು.

ಅಣ್ಣ ಬೇಗ ಕೆಲಸಕ್ಕೆ ಮರಳಿದ. ತೊಟ್ಟಿಗೂ ಇಳಿಯುತ್ತಾನೆ, ಬೀಗ ಜಡಿದು, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು. ತೊಟ್ಟಿಯ ಭಯ ಅವನಿಗಿಲ್ಲ. ಅವನ ಭಯ ಬೇರೆ. ಮೊದಮೊದಲು ನನಗೆ ಗೊತ್ತಾಗಲಿಲ್ಲ. ನಾನು ಫೋನು ಮಾಡಿದರೆ ಎತ್ತುತ್ತಿರಲಿಲ್ಲ, ಕೆಲಸದಲ್ಲಿರಬೇಕು ಅಂದುಕೊಂಡೆ. ಪಕ್ಕದ ಕೋಣೆಯಿಂದ ಕರೆದರೆ ಉತ್ತರ ಕೊಡುತ್ತಿರಲಿಲ್ಲ, ಕಿವಿ ಮಂದವಾಯಿತೇನೋ ಅಂದುಕೊಂಡೆ. ಕೊನೆಗೆ ಅತ್ತಿಗೆಯೇ ಒಂದು ದಿನ ಪಾತ್ರೆ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದಳು. "ಬೇಜಾರು ಮಾಡ್ಕೋಬೇಡ. ಅವರನ್ನ ದೂರದಿಂದ ಕರೀಬೇಡ. ನಿನ್ನ ದನಿ ಕೇಳಿದರೆ ಅವರ ಕೈ ನಡುಗುತ್ತೆ."

ನಾನು ಸೊಂಟಕ್ಕೆ ಕೈಯಿಟ್ಟು ಏನೋ ಖಾರವಾಗಿ ಹೇಳಲು ಹೋದೆ. ಕೊನೆಗೆ ಅವಳು ತೊಳೆದಿಟ್ಟ ಪಾತ್ರೆ ಒರೆಸತೊಡಗಿದೆ.

ನಿನ್ನೆ ಸಂಜೆ ಅವನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಮುಚ್ಚಳ ಸರಿಮಾಡುತ್ತಿದ್ದ. ಅತ್ತಿಗೆ ತಟ್ಟೆ ಇಟ್ಟಾಗಿತ್ತು. ನಾನು ಅಭ್ಯಾಸಬಲದಿಂದ ಮೆಟ್ಟಿಲ ಬುಡದಲ್ಲಿ ನಿಂತು, "ಅಣ್ಣ, ಸಾಕು, ಇಳಿದು ಬಾ" ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮೇಲೆ ಸ್ಪ್ಯಾನರು ಬಿದ್ದ ಸದ್ದು ಕೇಳಿತು.

ಹತ್ತಿ ಹೋದೆ. ಅವನು ಟ್ಯಾಂಕಿಗೆ ಬೆನ್ನು ಒತ್ತಿ ನಿಂತಿದ್ದ, ತಾರಸಿಯ ಅಂಚಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ. ಹಣೆಯಲ್ಲಿ ಬೆವರು. ನಾನು ಮಾತಾಡದೆ ಹತ್ತಿರ ಹೋದೆ. ಅವನು ನನ್ನ ಮುಖವನ್ನೇ ನೋಡಿ, ಕೈ ಮುಂದೆ ಮಾಡಿ, ಎರಡು ಬೆರಳನ್ನು ನನ್ನ ಗಂಟಲಿನ ಮೇಲೆ ಇಟ್ಟ. ಚಿಕ್ಕವರಿದ್ದಾಗ ನನ್ನ ಬಾಯಿ ಮುಚ್ಚಿಸಲು ಓಡಿ ಬರುತ್ತಿದ್ದ ಅದೇ ಕೈ.

"ಈಗ ಕರಿ," ಎಂದ.

"ಊಟಕ್ಕೆ ಬಾ ಅಣ್ಣ," ಎಂದೆ.

ನನ್ನ ಗಂಟಲು ಅದುರಿದ್ದು ಅವನ ಬೆರಳಿಗೆ ಗೊತ್ತಾಯಿತು. ಆಮೇಲೆ ಅವನು ನನ್ನ ಹಿಂದೆ ಮೆಟ್ಟಿಲಿಳಿದು ಬಂದ.